ಚೆಲ್ಲುವುದು ಯಾವುದು, ಇಟ್ಟುಕೊಳ್ಳುವುದು ಯಾವುದು

ಕುದಿಯುವ ಹುಳಿನೀರಿಗೆ ಸುಣ್ಣದ ಹಾಲು ಬಿದ್ದಾಗ ಒಂದು ವಾಸನೆ ಏಳುತ್ತದೆ. ಯುಗಾದಿಗೆ ಮುಂಚೆ ಗೋಡೆಗೆ ಸುಣ್ಣ ಬಳಿಯುವ ದಿನದ ವಾಸನೆ ಅರ್ಧ, ಮಾಗಿ ಕಪ್ಪಾದ ಬಾಳೆಹಣ್ಣಿನ ವಾಸನೆ ಅರ್ಧ. ಮೂಗಿಗೆ ಹಿತ ಅನ್ನುವಂಥದ್ದೇನಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರು ಮೊದಲ ವಾರ ದುಪಟ್ಟ ಮೂಗಿಗೆ ಹಿಡಿದೇ ಓಡಾಡುತ್ತಾರೆ. ಕಳೆದ ವಾರ ನಂಜನಗೂಡಿನ ನಮ್ಮ ಫ್ಯಾಕ್ಟರಿಯಲ್ಲಿ ಹೊಸ ತೊಟ್ಟಿಯ ಮೊದಲ ಬ್ಯಾಚು. ನಾನು ಮೇಲೆ ಕಂಬಿ ಹಿಡಿದು ನಿಂತು ನೋಡುತ್ತಿದ್ದೆ. ಸುಣ್ಣ ಬಿತ್ತು, ವಾಸನೆ ಎದ್ದಿತು, ನನ್ನ ಬಾಯಿಂದ ತಾನಾಗಿಯೇ "ದೊಡ್ಡವ್ವ, ಒಸಿ ನಿಧಾನ" ಅಂತ ಬಂದುಬಿಟ್ಟಿತು. ಆಮೇಲೆ ನಾಲಿಗೆ ಕಚ್ಚಿಕೊಂಡೆ. ದೊಡ್ಡವ್ವ ಅಲ್ಲಿ ಎಲ್ಲಿರಬೇಕು…

ಅವರು ನನಗೆ ದೊಡ್ಡವ್ವನೂ ಅಲ್ಲ, ಚಿಕ್ಕವ್ವನೂ ಅಲ್ಲ. ನಮ್ಮದು ಮೂಗೂರು, ಅವರದು ಸುತ್ತೂರಿನ ಹತ್ತಿರದ ಒಂದು ಸಣ್ಣ ಹಳ್ಳಿ. ನೆಂಟಸ್ತಿಕೆ ಹುಡುಕಿದರೂ ಸಿಗುವುದಿಲ್ಲ. ಫ್ಯಾಕ್ಟರಿಯಲ್ಲಿ ಎಲ್ಲರೂ ದೊಡ್ಡವ್ವ ಅನ್ನುತ್ತಿದ್ದರು, ನಾನೂ ಅಂದೆ. ಐವತ್ತು ದಾಟಿದ ಗಟ್ಟಿ ಹೆಂಗಸು. ಹಣೆಯ ತುಂಬ ಮೂರು ಬೆರಳಿನ ವಿಭೂತಿ, ಕತ್ತಿನಲ್ಲಿ ಲಿಂಗದಕಾಯಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಆ ವಿಭೂತಿ ಅಂಗಡಿಯಲ್ಲಿ ಕೊಂಡದ್ದಲ್ಲ. ಅವರೇ ಮಾಡಿದ್ದು. ಅವರ ಮನೆಯಲ್ಲಿ ತಲೆಮಾರುಗಳಿಂದ ವಿಭೂತಿ ಗಟ್ಟಿ ಮಾಡುವ ಕಸುಬು. ಅವರು ಸೊಸೆಯಾಗಿ ಬಂದ ವರ್ಷದಿಂದ ಬೂದಿ ತೊಳೆದು ತೊಳೆದು ಅಂಗೈಯ ಗೆರೆಗಳೇ ಸವೆದುಹೋಗಿದ್ದವು. ಫ್ಯಾಕ್ಟರಿಗೆ ಸೇರುವಾಗ ಹೆಬ್ಬೆಟ್ಟಿನ ಗುರುತನ್ನು ಮಿಷಿನ್ನು ಹಿಡಿಯಲೇ ಇಲ್ಲ. ಕೊನೆಗೆ ಸೆಕ್ಯೂರಿಟಿಯವನು ಬೇಜಾರಾಗಿ ಬುಕ್ಕಿನಲ್ಲಿ ಹೆಸರು ಬರೆದುಕೊಂಡು ಒಳಗೆ ಬಿಟ್ಟ.

ನನ್ನದೂ ಸ್ವಲ್ಪ ಹೇಳಿಬಿಡುತ್ತೇನೆ. ನಾನು ಆಗ ತಿ. ನರಸೀಪುರದಲ್ಲಿ ಬಿ.ಎಸ್ಸಿ. ಮುಗಿಸಿ ಒಂದು ವರ್ಷವಾಗಿತ್ತು, ಫ್ಯಾಕ್ಟರಿಯ ಪ್ರಯೋಗಾಲಯಕ್ಕೆ ಕೆಮಿಸ್ಟಾಗಿ ಹೊಸದಾಗಿ ಸೇರಿದ್ದೆ. ಕೆಮಿಸ್ಟ್ರಿಯಲ್ಲಿ ಕಾಲೇಜಿಗೇ ಮೊದಲು. ಅದರ ಕೊಬ್ಬು ಎಷ್ಟಿತ್ತು ಅಂದರೆ, ಬಸ್ಸಿನಲ್ಲಿ ಕಂಡಕ್ಟರು ಚಿಲ್ಲರೆ ಇಲ್ಲ ಅಂದರೂ ಅವನಿಗೆ ಪಾಠ ಮಾಡುತ್ತಿದ್ದೆ. ನಮ್ಮವ್ವ "ಇವಳ ಬಾಯಿಗೆ ಬೀಗ ಹಾಕೋ ಗಂಡು ಎಲ್ಲವ್ನೋ" ಅಂತ ಬೈಯುತ್ತಿದ್ದಳು. ಇವತ್ತಿಗೂ ಬಾಯಿ ಅಷ್ಟೇ ಇದೆ. ಕೊಬ್ಬು ಇಳಿದಿದೆ. ಇಳಿಸಿದವರ ಕಥೆ ಇದು.

ನಮ್ಮ ಫ್ಯಾಕ್ಟರಿಯ ಯಜಮಾನರು ಬಾಳೆಕಾಯಿ ಚಿಪ್ಸ್ ಮಾಡಿಸುತ್ತಿದ್ದವರು. ದಿನಕ್ಕೆ ಗಾಡಿಗಟ್ಟಲೆ ಸಿಪ್ಪೆ ಗುಡ್ಡೆ ಬೀಳುತ್ತಿತ್ತು. ಅದು ಕೊಳೆತು ನಾರಿ ಅಕ್ಕಪಕ್ಕದ ಶೆಡ್ಡಿನವರು ಜಗಳಕ್ಕೆ ಬರುತ್ತಿದ್ದರು. ಯಾವುದೋ ತರಬೇತಿಗೆ ಹೋಗಿ ಬಂದ ಯಜಮಾನರು ಹಿಂದಿನ ಶೆಡ್ಡಿನಲ್ಲಿ ಆ ಸಿಪ್ಪೆಯಿಂದ ಸಿಟ್ರಿಕ್ ಆಸಿಡ್ ತೆಗೆಯುವ ಒಂದು ಪುಟ್ಟ ಘಟಕ ಹಾಕಿದರು. ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಕೇಳುತ್ತೀರಲ್ಲ, ಅದೇ. ಸಿಪ್ಪೆಯನ್ನು ಬೇಯಿಸಿ ಹಿಂಡಿದ ರಸಕ್ಕೆ ಹೆಮ್ಮಿಗೆ ಕಡೆಯ ಆಲೆಮನೆಗಳಿಂದ ತಂದ ಬೆಲ್ಲದ ಮಡ್ಡಿ ಸೇರಿಸಿ, ಅಗಲವಾದ ತಟ್ಟೆಗಳಲ್ಲಿ ಹುಯ್ದು, ಅದರ ಮೇಲೆ ಒಂದು ಜಾತಿಯ ಕರಿ ಬೂಷ್ಟು ಬೆಳೆಸಬೇಕು. ಆ ಬೂಷ್ಟು ಸಿಹಿಯನ್ನು ತಿಂದು ಹುಳಿ ಬಿಡುತ್ತದೆ. ಒಂದು ವಾರಕ್ಕೆಲ್ಲ ರಸ ಹಲ್ಲು ಚುಳುಕ್ ಅನ್ನುವಷ್ಟು ಹುಳಿ.

ಹುಳಿ ಹುಟ್ಟಿಸುವುದು ದೊಡ್ಡ ಮಾತಲ್ಲ. ಅದನ್ನು ಬೇರೆ ಮಾಡುವುದು, ಶುದ್ಧ ಮಾಡುವುದು, ಅಲ್ಲಿದೆ ಕಷ್ಟ. ಕಂದು ಬಣ್ಣದ ಆ ರಸದಲ್ಲಿ ಹುಳಿಯ ಜೊತೆ ಸಿಪ್ಪೆಯ ಕರೆ, ಅಂಟು, ಉಳಿದ ಬೆಲ್ಲ, ನೂರೆಂಟು ಇರುತ್ತದೆ. ಕುದಿಸಿ ಸುಣ್ಣದ ಹಾಲು ಹಾಕಿದರೆ ಹುಳಿ ಸುಣ್ಣವನ್ನು ಹಿಡಿದುಕೊಂಡು ಬಿಳಿ ಹಿಟ್ಟಾಗಿ ತಳಕ್ಕೆ ಕೂರುತ್ತದೆ. ಕೊಳೆ ಮೇಲಿನ ನೀರಿನಲ್ಲಿ ಉಳಿಯುತ್ತದೆ. ಆ ನೀರು ಚೆಲ್ಲಿ, ಬಿಳಿ ಹಿಟ್ಟನ್ನು ಬಿಸಿನೀರಿನಲ್ಲಿ ತೊಳೆಯಬೇಕು. ಆಮೇಲೆ ಅದಕ್ಕೆ ಗಂಧಕಾಮ್ಲ ಹಾಕಿದರೆ ಸುಣ್ಣ ತಳಕ್ಕಿಳಿದು ಹುಳಿ ಮತ್ತೆ ನೀರಿಗೆ ಬರುತ್ತದೆ. ಆ ನೀರನ್ನು ಸೋಸಿ, ಇದ್ದಿಲ ಪುಡಿಯಲ್ಲಿ ಬಣ್ಣ ತೆಗೆದು, ಬತ್ತಿಸಿ, ಹರಳು ಕಟ್ಟಿಸಬೇಕು. ಗಮನಿಸಿ, ಒಂದು ತೊಟ್ಟಿಯಲ್ಲಿ ತಳದ್ದು ಬೇಕು, ಮುಂದಿನ ತೊಟ್ಟಿಯಲ್ಲಿ ಮೇಲಿನದು ಬೇಕು. ನನಗೆ ಇದು ಬಾಯಿಪಾಠ. ಬಾಯಿಪಾಠ ಆದವರಿಗೆ, ಬೇರೆಯವರಿಗೆ ಅದು ಗೊತ್ತಿಲ್ಲ ಅನ್ನುವುದೇ ಮರೆತುಹೋಗುತ್ತದೆ.

ದೊಡ್ಡವ್ವನನ್ನು ಮೊದಲು ಹಾಕಿದ್ದು ಸುಣ್ಣ ಕಲಸುವುದಕ್ಕೆ. ಅಲ್ಲಿಯವರೆಗೆ ನಮ್ಮ ಸುಣ್ಣದಲ್ಲಿ ಮರಳು, ಕಲ್ಲು, ಸುಡದ ಗಟ್ಟಿ. ದೊಡ್ಡವ್ವ ಬಂದ ಎರಡನೇ ದಿನಕ್ಕೆ ಆ ಬಕೆಟ್ಟುಗಳ ರೂಪವೇ ಬದಲಾಯಿತು. ವಿಭೂತಿ ಬೂದಿಯನ್ನು ಹೇಗೆ ಮಾಡುತ್ತಿದ್ದರೋ ಹಾಗೇ ಮಾಡಿದರು. ನೀರಿನಲ್ಲಿ ಕದಡಿ, ಒಂದು ಗಳಿಗೆ ಬಿಟ್ಟು, ಗಸಿ ತಳಕ್ಕೆ ಕೂತ ಮೇಲೆ ಮೇಲಿನ ಹಾಲನ್ನು ಹಳೇ ಪಂಚೆಯಲ್ಲಿ ಸೋಸಿ ಇನ್ನೊಂದು ಬಾನಿಗೆ ಇಳಿಸಿದರು. ಬೆರಳು ಅದ್ದಿ ಉಜ್ಜಿ ನೋಡಿದರು. ಮತ್ತೆ ಸೋಸಿದರು. ಹೆಬ್ಬೆರಳು ತೋರುಬೆರಳ ಮಧ್ಯೆ ಬೆಣ್ಣೆಯ ಹಾಗೆ ಜಾರಬೇಕು, ಅಲ್ಲಿಯವರೆಗೆ ಬಿಡುತ್ತಿರಲಿಲ್ಲ. ಅವರು ಕಲಸಿದ ಸುಣ್ಣದಲ್ಲಿ ಬ್ಯಾಚು ಅದೆಷ್ಟು ಬಿಳಿಯಾಗಿ ಇಳಿಯಿತು ಅಂದರೆ ನಾನು ಪ್ರಯೋಗಾಲಯದಿಂದ ಓಡಿಬಂದು ನೋಡಿದ್ದೆ.

ನಾವಿಬ್ಬರೂ ಒಂದೇ ಬಸ್ಸು. ನಾನು ನರಸೀಪುರದಲ್ಲಿ ಬಸ್ಸು ಬದಲಾಯಿಸಿ ಕಿಟಕಿ ಸೀಟು ಹಿಡಿದು, ಪಕ್ಕದ ಸೀಟಿನ ಮೇಲೆ ಬ್ಯಾಗಿಟ್ಟು ಬರುತ್ತಿದ್ದೆ. ಸುತ್ತೂರಿನಲ್ಲಿ ಅವರು ಹತ್ತುವವರೆಗೂ ಆ ಸೀಟಿಗೋಸ್ಕರ ಮೂರು ಜನರ ಹತ್ತಿರವಾದರೂ ಜಗಳವಾಗುತ್ತಿತ್ತು. ಫ್ಯಾಕ್ಟರಿಯಲ್ಲಿ "ಮೇಡಮ್ಮೋರೆ" ಅನ್ನುತ್ತಿದ್ದವರು ಬಸ್ಸಿನಲ್ಲಿ "ಮಗ" ಅನ್ನುತ್ತಿದ್ದರು. ಸೆರಗಿನ ಗಂಟಿನಿಂದ ಹುರಿಗಡಲೆಯೋ ಕಡ್ಲೆಕಾಯಿಯೋ ತೆಗೆದು ನನ್ನ ಕೈಗೆ ಹಾಕಿ ಪ್ರಶ್ನೆ ಶುರು ಮಾಡುತ್ತಿದ್ದರು. ಬೂಷ್ಟು ತಿಂದದ್ದು ಸಿಹಿ, ಬಿಟ್ಟದ್ದು ಹುಳಿ, ಅದೆಂಗೆ? ಹುಳಿಗೆ ಸುಣ್ಣ ಅಂದ್ರೆ ಯಾಕಷ್ಟು ಪಿರೂತಿ? ನಾನು ಸೂತ್ರ ಹೇಳಿದರೆ ಅರ್ಧಕ್ಕೇ ನಿಲ್ಲಿಸಿ, "ಪುಸ್ತಕದ್ದು ಬುಡು, ಕಣ್ಣಿಗ್ ಕಾಣೋ ಅಂಗೆ ಏಳು" ಅನ್ನುತ್ತಿದ್ದರು. ಕಣ್ಣಿಗೆ ಕಾಣುವ ಹಾಗೆ ಹೇಳುವುದಕ್ಕೆ ಹೋಗಿ ನನಗೇ ಎಷ್ಟೋ ವಿಷಯ ಆಗ ಅರ್ಥವಾಯಿತು. ಕಾಲೇಜಿಗೆ ಮೊದಲು ಬಂದವಳ ಬಂಡವಾಳ ಅಷ್ಟೇ ಇತ್ತು.

ಹೀಗಿರುವಾಗ ಯಜಮಾನರು ಒಂದು ದಿನ ಎಲ್ಲರನ್ನೂ ಕರೆದು ನಿಲ್ಲಿಸಿದರು. ಅಲ್ಲಿಯವರೆಗೆ ನಾವು ಮಾಡುತ್ತಿದ್ದದ್ದು ಪಾತ್ರೆ, ಬಾಯ್ಲರು ತೊಳೆಯುವುದಕ್ಕೆ ಹೋಗುವ ಕೀಳು ದರ್ಜೆಯ ಮಾಲು. ಮೈಸೂರಿನ ಒಬ್ಬ ಶರಬತ್ತು ತಯಾರಕರು ತಿನ್ನುವ ದರ್ಜೆಯದನ್ನು ಕೊಟ್ಟರೆ ಖಾಯಂ ಆಗಿ ತೆಗೆದುಕೊಳ್ಳುತ್ತೇವೆ, ಒಂದೇ ಒಂದು ಬ್ಯಾಚಿನ ಸ್ಯಾಂಪಲ್ಲು ಕಳಿಸಿ ಅಂದಿದ್ದರು. "ಈ ಬ್ಯಾಚು ಪಾಸಾದ್ರೆ ಘಟಕ ಉಳೀತದೆ. ಇಲ್ದಿದ್ರೆ ನನ್ ಕೈಲಿ ಆಗಲ್ಲ ಕಣ್ರಪ್ಪ, ಶೆಡ್ಡನ್ನ ಗೋಡೌನ್ ಮಾಡ್ಕೋತೀನಿ" ಅಂದರು. ಆ ಶೆಡ್ಡಿನಲ್ಲಿ ನನ್ನನ್ನೂ ಸೇರಿಸಿ ಹತ್ತು ಜನ ಇದ್ದೆವು. ಎಂಟು ಜನ ಹೆಂಗಸರು. ದೊಡ್ಡವ್ವನ ಗಂಡ ತೀರಿಕೊಂಡು, ಮನೆಯ ಕಸುಬಿಗೆ ಗಿರಾಕಿ ಇಲ್ಲವಾಗಿ, ಅವರು ಇಲ್ಲಿಗೆ ಬಂದಿದ್ದು. ಅವತ್ತು ಬಸ್ಸಿನಲ್ಲಿ ಅವರು ಪ್ರಶ್ನೆ ಕೇಳಲಿಲ್ಲ. ಇಳಿಯುವಾಗ ಮಾತ್ರ, "ಆ ಬ್ಯಾಚ್ನ ಸುಣ್ಣಕ್ಕೆ ಇನ್ಯಾರ್ದೂ ಕೈ ಬೇಡ ಕಣ್ ಮಗ" ಅಂದರು.

ಬ್ಯಾಚು ಚೆನ್ನಾಗಿಯೇ ಬಂತು. ಬೂಷ್ಟು ಚೆನ್ನಾಗಿ ಬೆಳೆಯಿತು, ಹುಳಿ ಚೆನ್ನಾಗಿ ಏರಿತು, ದೊಡ್ಡವ್ವನ ಸುಣ್ಣಕ್ಕೆ ಬಿಳಿ ಹಿಟ್ಟು ಮೊಣಕೈ ಆಳ ಇಳಿಯಿತು. ತೊಳೆಯುವ ದಿನ ಬೆಳಿಗ್ಗೆ ನೋಡಿದರೆ, ತೊಳೆಯುವ ತೊಟ್ಟಿಯ ಹೆಂಗಸು ರಜ. ಅವಳ ತವರಿನಲ್ಲಿ ಸಾವು. ನಾನು ಹಿಂದೆ ಮುಂದೆ ನೋಡಲಿಲ್ಲ. ತೊಳೆಯುವುದರಲ್ಲಿ ದೊಡ್ಡವ್ವನನ್ನು ಮೀರಿಸಿದವರು ಯಾರಿದ್ದಾರೆ ಅಂದುಕೊಂಡು ಅವರನ್ನು ಕರೆದು ತೊಟ್ಟಿಗೆ ನಿಲ್ಲಿಸಿದೆ. ಅಷ್ಟರಲ್ಲಿ ಆಫೀಸಿನಿಂದ ಕೂಗು. ಶರಬತ್ತಿನವರ ಕಡೆಯಿಂದ ಯಾರೋ ಬಂದಿದ್ದಾರೆ, ಬೇಗ ಬಾ ಅಂತ.

"ವಿಭೂತಿ ತೊಳೆಯೋ ಹಂಗೇ ತೊಳೀರಿ ದೊಡ್ಡವ್ವ" ಅಂದೆ.

"ಚೆಲ್ಲೋದ್ ಯಾವ್ದು, ಮಡಿಕ್ಕೊಳ್ಳೋದ್ ಯಾವ್ದು, ಅದೊಂದ್ ಏಳ್ಬುಟ್ ಓಗಿ ಮೇಡಮ್ಮೋರೆ" ಅಂದರು.

ಕೇಳಿದರು. ನೇರವಾಗಿ, ನನ್ನ ಮುಖ ನೋಡಿಯೇ ಕೇಳಿದರು. ನಾನು ಕೂದಲು ಸರಿ ಮಾಡಿಕೊಳ್ಳುತ್ತ, "ವಿಭೂತೀಲಿ ಏನ್ ಮಾಡ್ತೀರೋ ಅದೇ" ಅಂದು ಹೊರಟುಹೋದೆ.

ಬಂದವರಿಗೆ ಘಟಕ ತೋರಿಸಿ, ಟೀ ಕುಡಿಸಿ, ನನಗೆ ತಿಳಿದ ಇಂಗ್ಲಿಷನ್ನೆಲ್ಲ ಖರ್ಚು ಮಾಡಿ ವಾಪಸು ಬರುವಾಗ ಮಧ್ಯಾಹ್ನ. ತೊಟ್ಟಿಯ ಹತ್ತಿರ ದೊಡ್ಡವ್ವ ಹಣೆಯ ಬೆವರು ಒರೆಸಿಕೊಳ್ಳುತ್ತ ನಿಂತಿದ್ದರು. ಬಗ್ಗಿ ನೋಡಿದೆ. ಕಂದು ಬಣ್ಣದ ಮಬ್ಬು ನೀರು. ಕೈ ಹಾಕಿ ತಳ ತಡವಿದೆ. ಬರಿ ಸಿಮೆಂಟು.

"ತಳದಲ್ಲಿದ್ದದ್ದು ಎಲ್ಲಿ ದೊಡ್ಡವ್ವ?"

"ಗಸೀನಾ? ತಗ್ದಾಕ್ದೆ ಮೇಡಮ್ಮೋರೆ. ನೀವೇ ಅಂದ್ರಲ್ಲ."

ಅವರು ಮಾಡಿದ್ದು ಸರಿಯಾಗಿ ನಾನು ಹೇಳಿದ್ದನ್ನೇ. ವಿಭೂತಿಯಲ್ಲಿ ಕದಡಿದ ಕೂಡಲೇ ತಳಕ್ಕೆ ಕೂರುವುದು ಮರಳು, ಸುಡದ ಚೂರು. ಅದು ಕಸ. ಮೇಲೆ ತೇಲುವ ಹಾಲೇ ವಿಭೂತಿ. ನಮ್ಮ ತೊಟ್ಟಿಯಲ್ಲಿ ಬೇಗ ಕೂರುವುದೇ ಚಿನ್ನ. ಮೇಲಿನದು ಕೊಳೆ. ಅವರು ಬಟ್ಟೆಯಲ್ಲಿ ಸೋಸಿ ಸೋಸಿ ಕೊಳೆಯನ್ನು ಜೋಪಾನ ಮಾಡಿ, ಬ್ಯಾಚನ್ನೇ ತೆಗೆದುಹಾಕಿದ್ದರು. ಪೆಟ್ಟಿಗೆಯಷ್ಟು ಕೆಮಿಸ್ಟ್ರಿ ಓದಿದ ನಾನು ಒಂದು ಮಾತು ಹೇಳುವುದಕ್ಕೆ ಸೋಮಾರಿತನ ಮಾಡಿದ್ದೆ.

ಸುದ್ದಿ ಯಜಮಾನರಿಗೆ ಮುಟ್ಟುವುದಕ್ಕೆ ಐದು ನಿಮಿಷ ಹಿಡಿಯಲಿಲ್ಲ. ಪಂಚೆ ಎತ್ತಿ ಕಟ್ಟಿಕೊಂಡೇ ಬಂದರು. ತೊಟ್ಟಿ ನೋಡಿದರು, ನನ್ನನ್ನು ನೋಡಿದರು. "ಯಾರ್ ಮಾಡಿದ್ದು ಇದ?" ಅಂದರು. ನಾನು ಬಾಯಿ ತೆರೆದೆ. ಬೆಳಗ್ಗೆಯಿಂದ ಸಂಜೆಯವರೆಗೆ ಪಟಪಟ ಅನ್ನುವ ನನ್ನ ಬಾಯಿ ತೆರೆದೇ ನಿಂತಿತು.

"ನಾನೇ ಕಣ್ ಯಜಮಾನ್ರೇ" ಅಂದರು ದೊಡ್ಡವ್ವ. "ಗಸಿ ಅಂದ್ರೆ ಕೈಗೆ ಮರಳ್ ಮರಳಾಗ್ ಸಿಗ್ಬೇಕು. ಇದು ನುಣ್ಣಗೆ ಇತ್ತು. ಕೈ ಏಳ್ತು, ಇದು ಚೆಲ್ಲೋದಲ್ಲ ಅಂತ. ನಾನ್ ಕೇಳ್ನಿಲ್ಲ. ತಪ್ಪು ನಂದು."

ಅಳಲಿಲ್ಲ, ಕೈ ಮುಗಿಯಲಿಲ್ಲ. ಅವರ ಮಟ್ಟಿಗೆ ಅದು ಸತ್ಯವೇ ಆಗಿತ್ತು. ಅಷ್ಟು ವರ್ಷ ತೊಳೆದ ಕೈ ಹೇಳಿದ್ದನ್ನು ಕೇಳದೆ, ನಿನ್ನೆ ಮೊನ್ನೆ ಬಂದ ಹುಡುಗಿಯ ಮಾತು ಕೇಳಿದ್ದು ಅವರ ಲೆಕ್ಕದಲ್ಲಿ ಅವರ ತಪ್ಪು. ಆದರೆ ಹುಡುಗಿಯ ತಪ್ಪು ಯಾವುದು ಅನ್ನುವುದು ಅಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ನಾನು ಬಾಯಿ ಮುಚ್ಚಿಕೊಂಡೆ. ಈಗ ಹೇಳುವುದಕ್ಕೇನು, ಹೆದರಿಕೆಯಾಗಿತ್ತು. ಕೆಲಸ ಹೋದರೆ ಊರಿಗೆ ಹೋಗಿ ಯಾರ ಮುಖ ನೋಡಲಿ ಅನ್ನುವ ಹೆದರಿಕೆ.

ಯಜಮಾನರು ಕುಸಿದು ಡ್ರಮ್ಮಿನ ಮೇಲೆ ಕೂತರು. "ಮೋರೀಲಿ ಓಯ್ತಾ ಎಲ್ಲಾ? ಕಪಿಲೆಗೇ ಸೇರ್ತಾ?" ಅಂದರು.

ಆ ಮಾತಿಗೆ ದೊಡ್ಡವ್ವನಿಗೆ ಸಿಟ್ಟು ಬಂತು. ಅಲ್ಲಿಯವರೆಗೆ ತಲೆ ತಗ್ಗಿಸಿದ್ದವರು ತಲೆಯೆತ್ತಿದರು. "ಮೋರಿಗ್ ಯಾಕ್ ಚೆಲ್ತೀನಿ? ತೊಳ್ದಿರೋದ್ನ ಯಾರಾದ್ರೂ ಕಾಲಿಗ್ ಸಿಗೋ ಕಡೆ ಚೆಲ್ತಾರಾ? ಗಸಿ ಆದ್ರೇನು, ವಿಭೂತಿ ಜೊತೇಲಿದ್ದಿದ್ದಲ್ವಾ?"

ಅವರ ಮನೆಯ ಪದ್ಧತಿ ಅದು. ವಿಭೂತಿ ತೊಳೆದ ಗಸಿಯನ್ನು ಯಾರೂ ತುಳಿಯಬಾರದು. ಬಿಲ್ವದ ಬುಡಕ್ಕೆ ಹಾಕಬೇಕು. ಶೆಡ್ಡಿನ ಹಿಂದೆ, ಯಜಮಾನರೇ ನೆಟ್ಟ ಒಂದು ಬಿಲ್ವದ ಗಿಡಕ್ಕೆ ಸುತ್ತ ಸಿಮೆಂಟು ಕಟ್ಟೆ ಕಟ್ಟಿಸಿದ್ದರು. ದೊಡ್ಡವ್ವ ಬೆಳಿಗ್ಗೆಯಿಂದ ಒಂದೊಂದೇ ಬಕೆಟ್ಟು ಹೊತ್ತು ಅಲ್ಲಿಗೆ ಸಾಗಿಸಿದ್ದರು. ಅದೂ ಸುಮ್ಮನೆ ಸುರಿದಿರಲಿಲ್ಲ. ನೀರು ಇಳಿದುಹೋಗಲಿ ಅಂತ ತೊಳೆದ ಗೋಣಿ ಹಾಸಿ, ಅದರ ಮೇಲೆ ಹಾಕಿದ್ದರು. ನಾವೆಲ್ಲ ಓಡಿದೆವು. ಕಟ್ಟೆಯ ಮೇಲೆ ನಾಲ್ಕು ಗೋಣಿಯ ತುಂಬ ನಮ್ಮ ಬ್ಯಾಚು ಮೊಸರಿನ ಹಾಗೆ ಕೂತಿತ್ತು. ಯಜಮಾನರು ಬಗ್ಗಿ ಮುಟ್ಟಿ ನೋಡಿದರು. ಅಂಚಿನಲ್ಲಿ ಮಣ್ಣು ತಾಗಿತ್ತು, ಒಂದೆರಡು ಎಲೆ ಬಿದ್ದಿತ್ತು, ಅಷ್ಟೇ.

"ಆಗ್ತದಾ?" ಅಂತ ನನ್ನನ್ನು ಕೇಳಿದರು.

"ಅಂಚಿನದು ಬಿಟ್ಟು ಮಿಕ್ಕಿದ್ದು ಆಗ್ತದೆ ಸಾರ್. ಚೆನ್ನಾಗಿ ತೊಳೀಬೇಕು" ಅಂದೆ. ಅಷ್ಟು ಹೇಳುವುದಕ್ಕೆ ಬಾಯಿ ಬಂತು.

"ತೊಳೆಯೋದ್ ನಾನೇ" ಅಂದರು ದೊಡ್ಡವ್ವ. "ನನ್ ಕೈಲಿ ಕೆಟ್ಟಿದ್ದು ನನ್ ಕೈಲೇ ನೆಟ್ಗಾಗ್ಬೇಕು. ಆಮೇಲ್ ಬೇಕಾರೆ ಮನೇಗ್ ಕಳ್ಸಿ."

ಯಜಮಾನರು ಎರಡು ದಿನ ಕೊಟ್ಟರು. ಆ ಎರಡು ದಿನ ನಾನು ತೊಟ್ಟಿ ಬಿಟ್ಟು ಅಲ್ಲಾಡಲಿಲ್ಲ. ಮೊದಲ ಬಾರಿಗೆ ಪ್ರತಿಯೊಂದನ್ನೂ ಬಿಡಿಸಿ ಹೇಳಿದೆ. ಸುಣ್ಣದ ಬಾನಿಯಲ್ಲಿ ಮೇಲಿನ ಹಾಲು ಬೇಕು. ಇಲ್ಲಿ ತಳದ್ದು ಬೇಕು. ಗಂಧಕಾಮ್ಲ ಹಾಕಿದ ಮೇಲೆ ಮತ್ತೆ ಮೇಲಿನ ನೀರು ಬೇಕು, ತಳದ್ದು ಕಸ. ನೀರು ಕುದಿಯುತ್ತಿರಬೇಕು, ಯಾಕೆಂದರೆ ಈ ಬಿಳಿ ಹಿಟ್ಟು ತಣ್ಣೀರಿನಲ್ಲಿ ಸ್ವಲ್ಪ ಕರಗುತ್ತದೆ, ಬಿಸಿನೀರಿನಲ್ಲಿ ಅಷ್ಟು ಕರಗುವುದಿಲ್ಲ.

ದೊಡ್ಡವ್ವ ತಿರುಗಿಸುತ್ತಿದ್ದ ಹುಟ್ಟು ನಿಲ್ಲಿಸಿದರು. "ಸಕ್ರೆ, ಉಪ್ಪು, ಬೆಲ್ಲ, ಎಲ್ಲಾ ಬಿಸಿನೀರ್ಗೆ ಕರ್ಗ್ತವೆ. ಇದೊಂದ್ ಯಾಕ್ ತಿರ್ಗಾಮುರ್ಗಾ?"

"ಇದರ ಗುಣವೇ ಹಾಗೆ ದೊಡ್ಡವ್ವ."

"ಉಂ… ನಮ್ಮತ್ತೆ ಅಂಗೇ ಇದ್ರು. ಬಿಸಿ ಆದಷ್ಟೂ ಗಟ್ಟಿ ಕೂತ್ಕಳೋರು" ಅಂದು ಮತ್ತೆ ಕೈಯಾಡಿಸಿದರು. ಆ ಸ್ಥಿತಿಯಲ್ಲೂ ಸುತ್ತ ನಿಂತಿದ್ದ ಹೆಂಗಸರು ನಕ್ಕರು.

ಕುದಿನೀರು ಹುಯ್ಯುವುದು, ಮರದ ಹುಟ್ಟಿನಲ್ಲಿ ತಿರುಗಿಸುವುದು, ಕೂರಲು ಬಿಡುವುದು, ಮೇಲಿನ ಕೊಳೆನೀರು ಇಳಿಸುವುದು. ಒಂದು, ಎರಡು, ಮೂರು… ಹಬೆಯಲ್ಲಿ ಅವರ ಮುಖ ಕೆಂಪಗೆ ಬೆಂದಂತಾಗಿತ್ತು. ತೊಳೆದ ನೀರು ಶುದ್ಧವಾಯಿತೋ ಇಲ್ಲವೋ ನೋಡುವುದಕ್ಕೆ ನನ್ನ ಹತ್ತಿರ ಒಂದು ನೇರಳೆ ಬಣ್ಣದ ದ್ರಾವಣ ಇತ್ತು. ಒಂದು ತೊಟ್ಟು ಹಾಕಿದರೆ, ಕೊಳೆ ಇದ್ದಲ್ಲಿ ಬಣ್ಣ ಹೊರಟುಹೋಗುತ್ತದೆ, ಇಲ್ಲದಿದ್ದರೆ ನಿಲ್ಲುತ್ತದೆ. ದೊಡ್ಡವ್ವನ ಹತ್ತಿರ ಒಂದು ಸ್ಟೀಲ್ ಲೋಟ ಇತ್ತು. ಅದರಲ್ಲಿ ನೀರು ಹಿಡಿದು, ಬೆಳಕಿಗೆ ಓರೆ ಮಾಡಿ, ತಳದಲ್ಲಿ ಕೊರೆಸಿದ್ದ ತೀರಿಹೋದ ಗಂಡನ ಹೆಸರಿನ ಅಕ್ಷರ ಹೇಗೆ ಕಾಣುತ್ತದೆ ಅಂತ ನೋಡುತ್ತಿದ್ದರು. ಐದನೇ ತೊಳೆತಕ್ಕೆ ನನ್ನ ಬಣ್ಣ ನಿಂತಿತು. "ಸಾಕು ದೊಡ್ಡವ್ವ, ಪಾಸು" ಅಂದೆ. ಅವರು ಲೋಟ ಓರೆ ಮಾಡಿ ನೋಡಿದರು. "ನಿಮ್ದು ಪಾಸಾಯ್ತು. ನಂದ್ ಇನ್ನೂ ಆಗ್ನಿಲ್ಲ" ಅಂದರು. ಆರನೇ ಸಲ ತೊಳೆದರು. ನಾನು ಎದುರಾಡಲಿಲ್ಲ. ಆಮೇಲೆ ಬೇಕೆಂತಲೇ ಐದನೆಯ ನೀರನ್ನೂ ಆರನೆಯದನ್ನೂ ಪಕ್ಕಪಕ್ಕದಲ್ಲಿಟ್ಟು ಅದೇ ತೊಟ್ಟು ಹಾಕಿ ಗಡಿಯಾರ ನೋಡುತ್ತ ಕೂತೆ. ಐದನೆಯದರ ಬಣ್ಣ ನಿಧಾನವಾಗಿ ಮಾಸಿತು. ಆರನೆಯದು ಹಾಗೇ ಇತ್ತು.

ಆ ಬ್ಯಾಚಿನ ಹರಳು ನೋಡಬೇಕಿತ್ತು ನೀವು. ಇವತ್ತಿನವರೆಗೆ ನಾನು ಎಷ್ಟು ಬ್ಯಾಚು ನೋಡಿದ್ದೇನೋ, ಎಂಥೆಂಥ ಮಿಷಿನ್ನು ಬಂದಿದೆಯೋ, ಅಂಥದ್ದು ಇನ್ನೊಂದು ನೋಡಿಲ್ಲ. ತಟ್ಟೆಯಲ್ಲಿ ಪುಡಿ ಕಲ್ಲುಸಕ್ಕರೆ ಹರಡಿದ ಹಾಗೆ ಫಳಫಳ. ದೊಡ್ಡವ್ವ ಒಂದು ಹರಳು ನಾಲಿಗೆಗಿಟ್ಟು ಕಣ್ಣು ಮುಚ್ಚಿ, "ಸಿಪ್ಪೇಲಿ ಇದಿತ್ತಾ" ಅಂದರು. ಅವರ ಮುಖದಲ್ಲಿದ್ದದ್ದು ಜಂಬ. ನೇರವಾದ ಜಂಬ. ಅವರಿಗೆ ಅದು ಒಪ್ಪುತ್ತಿತ್ತು.

ಸ್ಯಾಂಪಲ್ಲು ಮೈಸೂರಿಗೆ ಹೋಗಿ, ಪಾಸಾಯಿತು ಅನ್ನುವ ಫೋನು ಬಂದ ದಿನ ಯಜಮಾನರು ಎಲ್ಲರಿಗೂ ಮೈಸೂರುಪಾಕು ಹಂಚಿಸಿದರು. ಒಂದು ಶಾಲು ತರಿಸಿದ್ದರು. ನನ್ನನ್ನು ಮುಂದಕ್ಕೆ ಕರೆದು ಹೊದಿಸಿದರು. "ಕೆಟ್ಟೋಗಿದ್ ಬ್ಯಾಚ್ನ ಉಳಿಸಿದ್ದು ಈ ಹುಡುಗಿ. ಓದಿದೋರು ಇರ್ಬೇಕು ಅನ್ನೋದು ಇದಕ್ಕೇ" ಅಂದರು. ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದವರು ದೊಡ್ಡವ್ವ. ಎಲ್ಲರೂ ನಿಲ್ಲಿಸಿದ ಮೇಲೂ ಹೊಡೆದರು. ನಾನು ಶಾಲು ಹೊದ್ದುಕೊಂಡು ನಗುತ್ತ ನಿಂತಿದ್ದೆ. ಮೈಯೆಲ್ಲ ಮುಳ್ಳಾಡಿದ ಹಾಗಿತ್ತು, ಆದರೂ ತೆಗೆದು ಅವರಿಗೆ ಹೊದಿಸಲಿಲ್ಲ.

ಮಾರನೇ ದಿನ ಬಸ್ಸಿನಲ್ಲಿ, "ದೊಡ್ಡವ್ವ, ನಿನ್ನೆ ನಾನು…" ಅಂತ ಶುರು ಮಾಡಿದೆ.

"ಶಾಲು ಚೆಂದಾಗಿತ್ತು ಕಣ್ ಮಗ. ನಿಂಗ್ ಒಪ್ತಿತ್ತು" ಅಂದು ಕೈಗೆ ಹುರಿಗಡಲೆ ಹಾಕಿದರು. ಅಲ್ಲಿಗೆ ನನ್ನ ಧೈರ್ಯ ಮುಗಿಯಿತು.

ಶೆಡ್ಡು ಗೋಡೌನಾಗಲಿ‌ಲ್ಲ. ತೊಳೆಯುವ ತೊಟ್ಟಿಗೆ ದೊಡ್ಡವ್ವನೇ ಖಾಯಂ ಆದರು. ಶರಬತ್ತಿನವರ ಹಿಂದೆ ಉಪ್ಪಿನಕಾಯಿಯವರು ಬಂದರು, ಮಿಠಾಯಿಯವರು ಬಂದರು. ಶೆಡ್ಡು ಎರಡಾಯಿತು, ಮೂರಾಯಿತು. ದೊಡ್ಡವ್ವನ ಕೈಕೆಳಗೆ ಕಲಿತ ಹುಡುಗಿಯರು ಎಷ್ಟು ಜನವೋ. ಹೊಸಬರು ಬಂದ ದಿನವೇ ಅವರನ್ನು ಮೂರೂ ತೊಟ್ಟಿಯ ಮುಂದೆ ನಿಲ್ಲಿಸಿ, "ಏಳು, ಇಲ್ಲಿ ಚೆಲ್ಲೋದ್ ಯಾವ್ದು? ಮಡಿಕ್ಕೊಳ್ಳೋದ್ ಯಾವ್ದು?" ಅಂತ ಕೇಳುತ್ತಿದ್ದರು. ಸರಿಯಾಗಿ ಹೇಳುವವರೆಗೆ ಹುಟ್ಟು ಮುಟ್ಟಿಸುತ್ತಿರಲಿಲ್ಲ. ಒಂದು ಸಲ ಕಾಲೇಜಿನ ಮಕ್ಕಳು ನೋಡಲು ಬಂದಿದ್ದಾಗ ಅವರ ಮೇಷ್ಟ್ರಿಗೂ ಅದೇ ಪ್ರಶ್ನೆ ಹಾಕಿದರು. ಪಾಪ, ಅವರು ತಡವರಿಸಿದರು. ದೊಡ್ಡವ್ವ ಗಂಭೀರವಾಗಿ, "ಪರ್ವಾಗಿಲ್ಲ ಸಾ, ನಮ್ಮೇಡಮ್ಮೂ ಮೊದ್ಲು ಅಂಗೇ" ಅಂದರು. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಇಷ್ಟು ವರ್ಷದಲ್ಲಿ ಆ ವಿಷಯಕ್ಕೆ ಅವರು ಅಂದದ್ದು ಅದೊಂದೇ ಮಾತು.

ಆರು ತೊಳೆತ ಈಗಲೂ ನಮ್ಮಲ್ಲಿ ನಿಯಮ. ಐದಕ್ಕೇ ಪಾಸಾದರೂ ಆರು. ಹೊರಗಿನಿಂದ ಬಂದ ಒಬ್ಬ ದೊಡ್ಡ ಕನ್ಸಲ್ಟೆಂಟು ಇದಕ್ಕೆ ಕಾರಣ ಏನು, ಯಾವ ಪುಸ್ತಕದಲ್ಲಿದೆ ಅಂದ. ದೊಡ್ಡವ್ವನನ್ನು ತೋರಿಸಿದೆ. ಅವನ ಮುಖ ನೋಡಿ ನನಗೆ ಆದ ಸಂತೋಷ, ಕಾಲೇಜಿಗೆ ಮೊದಲು ಬಂದಾಗಲೂ ಆಗಿರಲಿಲ್ಲ.

ಮಂಡಿನೋವು ಜಾಸ್ತಿಯಾಗಿ ಅವರು ಕೆಲಸ ಬಿಟ್ಟರು. ಬಿಟ್ಟ ಮೇಲೆ ನಾಲ್ಕೈದು ಸಲ ಹೋಗಿ ನೋಡಿ ಬಂದೆ. ಹೋದಾಗಲೆಲ್ಲ ಹೇಳಬೇಕು ಅಂದುಕೊಂಡೇ ಹೋಗುತ್ತಿದ್ದೆ. ಕಾಫಿ ಬರುತ್ತಿತ್ತು, ಮೊಮ್ಮಕ್ಕಳು ಬರುತ್ತಿದ್ದರು, ತೊಟ್ಟಿ ಹೇಗಿದೆ, ಸುಣ್ಣ ಯಾರು ಕಲಸುತ್ತಾರೆ ಅಂತ ಅವರ ಪ್ರಶ್ನೆಗಳು… ಮುಂದಿನ ಸಲ ಅಂದುಕೊಂಡು ಎದ್ದು ಬರುತ್ತಿದ್ದೆ. ನಾನು ಗುಣಮಟ್ಟ ವಿಭಾಗಕ್ಕೆ ಮುಖ್ಯಸ್ಥೆಯಾದೆ. ಓಡಾಟ ಹೆಚ್ಚಾಯಿತು. ಬಸ್ಸು ಬಿಟ್ಟು ಸ್ಕೂಟರು ಹಿಡಿದೆ. ನೆಪಕ್ಕೇನು ಕಡಿಮೆಯೇ.

ಹೋದ ವರ್ಷ ಕಾರ್ತಿಕದಲ್ಲಿ ಸುದ್ದಿ ಬಂತು. ನಾನು ಊರಲ್ಲಿರಲಿಲ್ಲ. ಮಣ್ಣಿಗೆ ಹೋಗುವುದಕ್ಕೂ ಆಗಲಿಲ್ಲ. ಗಣಾರಾಧನೆಯ ದಿನ ಹೋದೆ. ಊಟ ಮುಗಿದು ಜನ ಚದುರಿದ ಮೇಲೆ ಅವರ ಸೊಸೆಯ ಹತ್ತಿರ ಕೂತೆ. ನನ್ನ ವಯಸ್ಸಿನವಳೇ, ಮೆತ್ತಗಿನ ಹೆಂಗಸು. ಅವಳ ಕೈ ಹಿಡಿದುಕೊಂಡು ಎಲ್ಲವನ್ನೂ ಹೇಳಿಬಿಟ್ಟೆ. ಅವರು ಕೇಳಿದ್ದು, ನಾನು ಹೇಳದೆ ಹೋದದ್ದು, ಯಜಮಾನರ ಮುಂದೆ ಬಾಯಿ ಮುಚ್ಚಿಕೊಂಡದ್ದು, ಶಾಲು ಹೊದ್ದುಕೊಂಡದ್ದು. ಹೇಳುತ್ತ ಹೇಳುತ್ತ ಅಳು ಬಂತು. ಅವಳಿಗೆ ಇದು ಹೊಸ ವಿಷಯ, ನನ್ನನ್ನು ಏನಂದುಕೊಳ್ಳುತ್ತಾಳೋ ಅಂತ ಹೆದರಿಯೇ ಮುಖ ನೋಡಿದೆ.

ಅವಳು ಕೈ ಬಿಡಿಸಿಕೊಳ್ಳಲಿಲ್ಲ. "ಗೊತ್ತು ಮೇಡಂ. ಅತ್ತೆ ಆವತ್ತೇ ಮನೇಗ್ ಬಂದು ಏಳಿದ್ರು" ಅಂದಳು. "ಆ ಉಡುಗಿ ಒಳ್ಳೇದು, ಒಂದಿನ ತಾನಾಗೇ ಬಂದ್ ಏಳ್ತದೆ. ಬಂದಾಗ ಯಾರೂ ಏನೂ ಅನ್ಬೇಡಿ, ಒಂದ್ ಲೋಟ ಕಾಪಿ ಕೊಡಿ ಅಂದಿದ್ರು. ನೀವ್ ಬಂದಾಗೆಲ್ಲ ನಾನು ಕಾಪಿ ತಂದ್ಕೊಟ್ಟು ಒಳಗೋಗಿ ನಿಂತ್ಕೋತಿದ್ದೆ. ಇವತ್ ಏಳ್ತಾರೆ ಅಂತ. ನೀವ್ ಓದ್ಮೇಲೆ ಅತ್ತೆ, ಇವತ್ತೂ ಆಗ್ನಿಲ್ಲ ಬುಡು, ಅನ್ನೋರು."

ಹತ್ತು ಹನ್ನೆರಡು ವರ್ಷ. ನನ್ನನ್ನು ನಂಬಿಕೊಂಡು ಕಾದಿದ್ದರು.

ಈಗ ಯಜಮಾನರಿಗೆ ಹೇಳಿದ್ದೇನೆ, ಶೆಡ್ಡಿನಲ್ಲಿ ಎಲ್ಲರಿಗೂ ಹೇಳಿದ್ದೇನೆ, ಇಲ್ಲಿ ಬರೆದೂ ಇದ್ದೇನೆ. ಆ ಬ್ಯಾಚು ಉಳಿಸಿದ್ದು ದೊಡ್ಡವ್ವ, ಕೆಡಿಸಿದ್ದು ನಾನು. ಆವತ್ತು, ಗಣಾರಾಧನೆಯ ದಿನ, ಮಾತು ಮುಗಿದ ಮೇಲೆ ಸೊಸೆ ಎದ್ದು ಹೋಗಿ ಕಾಫಿ ಮಾಡಿ ತಂದಳು. ನಾನು ಕುಡಿದೆ. ದೊಡ್ಡವ್ವ ಕೂರುತ್ತಿದ್ದ ಜಗಲಿಯ ಕಡೆಗೆ ನಾವಿಬ್ಬರೂ ನೋಡಲಿಲ್ಲ.